ಎರೆ ಹೊಲ, ಊರಿನ ಓಡಾಟ, ಹೈದರಾಬಾದ್ ದಾರಿ: ದೊಡ್ಡ ಫೋರ್ ಬೈ ಫೋರ್‌ಗೆ ಡೀಸೆಲ್ಲೋ ಪೆಟ್ರೋಲೋ?

ಓದುಗರ ಪ್ರಶ್ನೆ: "ಸರ್, ನಮಸ್ಕಾರ. ನಮ್ದು ಜೇವರ್ಗಿ ತಾಲ್ಲೂಕು. ಭೀಮಾ ದಂಡಿಗೆ ತೊಗರಿ, ಹತ್ತಿ ಹೊಲ ಅದ. ಮನಿ ಮತ್ತ ದಾಲ್ ಮಿಲ್ಲು ಕಲಬುರಗಿಯಾಗ. ಮಳಿ ಬಂದ್ರ ಎರಿ ದಾರ್ಯಾಗ ಕಾರು ಸಿಕ್ಕೊಂಡು ಟ್ರ್ಯಾಕ್ಟರ್ ಹಚ್ಚಿ ಎಳಿಸ್ಬೇಕಾಗ್ತದ. ಅದಕ್ಕ ಏಳು ಮಂದಿ ಕೂಡುವಂಥ ದೊಡ್ಡ ಫೋರ್ ಬೈ ಫೋರ್ ತಗೋಬೇಕಂತ ಮಾಡೀವಿ. ಬಜೆಟ್ 25 ಲಕ್ಷ. ವಾರಕ್ಕ ಎರಡು ಸಲ ಹೊಲ, ಹೋಗಿ ಬರೋದು 80 ಕಿಲೋಮೀಟರ್. ತಿಂಗಳಿಗೊಮ್ಮೆ ಹೈದರಾಬಾದ್. ಉಳಿದ ದಿನ ಮನಿ-ಮಿಲ್ಲು, 3 ಕಿಲೋಮೀಟರ್. ನಮ್ಮ ಅಳಿಯ ಡೀಸೆಲ್ ಬ್ಯಾಡ, 10 ವರ್ಷಕ್ಕ ಗುಜರಿಗೆ ಹಾಕಬೇಕಾಗ್ತದ ಅಂತಾನ. ಮಿಲ್ಲಿನ ಡ್ರೈವರ್ ಪೆಟ್ರೋಲ್‌ದಾಗ ದಮ್ಮೇ ಇರಂಗಿಲ್ಲ ಅಂತಾನ. ಮೆಕ್ಯಾನಿಕ್ ಒಬ್ರು ಹೊಸ ಡೀಸೆಲ್ ಗಾಡ್ಯಾಗ ಫಿಲ್ಟರ್ ಜಾಮ್ ಆಗಿ ಲಕ್ಷಗಟ್ಟಲೆ ಬಿಲ್ ಬರ್ತದ ಅಂತಾರ. ಯಾರ ಮಾತು ಕೇಳಬೇಕು?"

ಉತ್ತರ:

ನಮಸ್ಕಾರ. ನಿಮಗೆ ಹಣಕ್ಕಿಂತ, ಇಷ್ಟು ದೊಡ್ಡ ಗಾಡಿ ತಗೊಂಡು ಆಮೇಲೆ ಪೇಚಾಡಬೇಕಾಗುತ್ತದಾ ಅನ್ನೋ ಚಿಂತೆ ಜಾಸ್ತಿ ಇದ್ದಂತಿದೆ. ಆ ಮೂವರು ಹೇಳಿದ್ದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಯಾರೂ ನಿಮ್ಮ ಓಡಾಟ ನೋಡಿ ಹೇಳಿಲ್ಲ. ಕಲಬುರಗಿಯಲ್ಲಿ ಗ್ಯಾರೇಜು ನಡೆಸುವ ನಾನು ಇಂಥ ಪ್ರಶ್ನೆ ಬಂದಾಗ ಮೊದಲು ಕೇಳುವುದು ತಿಂಗಳಿಗೆ ಎಷ್ಟು ಕಿಲೋಮೀಟರ್ ಅಂತಲ್ಲ, ಆ ಕಿಲೋಮೀಟರ್ ಹೇಗೆ ಆಗುತ್ತದೆ ಅಂತ. ಒಂದೇ ಸಲ 80 ಕಿಲೋಮೀಟರ್ ಓಡುವುದು ಬೇರೆ, 3 ಕಿಲೋಮೀಟರಿನಂತೆ ಇಪ್ಪತ್ತೇಳು ಸಲ ಓಡುವುದು ಬೇರೆ. ಡೀಸೆಲ್ ಇಂಜಿನ್ನಿಗೆ ಇದು ಬಹಳ ದೊಡ್ಡ ವ್ಯತ್ಯಾಸ.

ಮೊದಲು ಅಂಗಡಿಯಲ್ಲಿ ಏನು ಸಿಗುತ್ತದೆ ನೋಡೋಣ. ದೊಡ್ಡ ಗಾಡಿಯೂ ಆಗಬೇಕು, ನಾಲ್ಕೂ ಚಕ್ರ ತಿರುಗಬೇಕು, ಪೆಟ್ರೋಲೂ ಆಗಿರಬೇಕು ಅಂದರೆ ನಮ್ಮ ದೇಶದಲ್ಲಿ ಆಯ್ಕೆ ತೀರಾ ಕಡಿಮೆ. ಸ್ಕಾರ್ಪಿಯೋ-ಎನ್ ಪೆಟ್ರೋಲಿನಲ್ಲೂ ಬರುತ್ತದೆ, ಆದರೆ ಫೋರ್ ಬೈ ಫೋರ್ ಇರುವುದು ಡೀಸೆಲ್ಲಿಗೆ ಮಾತ್ರ. ಥಾರ್ ರಾಕ್ಸ್ ಕೂಡ ಹಾಗೆಯೇ. ಫಾರ್ಚುನರ್ ನಿಮ್ಮ ಬಜೆಟ್ಟಿಗೆ ಮೀರಿದ್ದು, ಅದರಲ್ಲೂ 2.7 ಲೀಟರ್ ಪೆಟ್ರೋಲ್ ಗಾಡಿಗೆ ಎರಡೇ ಚಕ್ರದ ಬಲ. ಪೆಟ್ರೋಲ್ ಜೊತೆ ಫೋರ್ ಬೈ ಫೋರ್ ಬೇಕೆಂದರೆ ಮೂರು ಬಾಗಿಲಿನ ಥಾರ್ ಇದೆ, ಜಿಮ್ನಿ ಇದೆ. ಎರಡರಲ್ಲೂ ನಾಲ್ಕೇ ಜನ. ಅದಕ್ಕೂ ಮೇಲೆ ಹೋದರೆ ರ‍್ಯಾಂಗ್ಲರ್, ಡಿಫೆಂಡರ್. ಆ ಬೆಲೆಯ ಮಾತು ಇಲ್ಲಿ ಬೇಡ. ಕಂಪನಿಗಳು ಮಾಡೆಲ್ ಬದಲಿಸುತ್ತಲೇ ಇರುತ್ತವೆ. ಹಾಗಾಗಿ ಬುಕ್ ಮಾಡುವ ದಿನ ಶೋರೂಮಿನಲ್ಲಿ ಮತ್ತೊಮ್ಮೆ ಕೇಳಿಕೊಳ್ಳಿ. ಆದರೆ ಏಳು ಸೀಟು, ಫೋರ್ ಬೈ ಫೋರ್, 25 ಲಕ್ಷ, ಈ ಮೂರನ್ನೂ ಹಿಡಿದು ಹೊರಟರೆ ಈಗ ನೀವು ಡೀಸೆಲ್ ಕಡೆಗೇ ಬಂದು ನಿಲ್ಲುತ್ತೀರಿ. ಪೆಟ್ರೋಲ್ ಬೇಕಾದರೆ ಮೂರರಲ್ಲಿ ಒಂದನ್ನು ಬಿಡಬೇಕು.

ಇನ್ನು ಅಳಿಯಂದಿರು ಹೇಳಿದ 10 ವರ್ಷದ ಮಾತು. ಅದು ದೆಹಲಿಯ ಸುದ್ದಿ. ಅಲ್ಲಿನ ಹೊಗೆಯ ಕಾರಣಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷ ಎಂದಿತು. ಕರ್ನಾಟಕದಲ್ಲಿ ಆ ನಿಯಮ ಇಲ್ಲ. ಇಲ್ಲಿ ಸ್ವಂತ ಬಳಕೆಯ ಗಾಡಿಗೆ, ಇಂಧನ ಯಾವುದೇ ಇರಲಿ, ನೋಂದಣಿ 15 ವರ್ಷ. ಆಮೇಲೆ ಫಿಟ್‌ನೆಸ್ ಪಾಸಾದರೆ ಐದೈದು ವರ್ಷಕ್ಕೆ ಮುಂದುವರಿಸಬಹುದು. ಮುಂದೆ ಸರ್ಕಾರ ಏನು ಮಾಡುತ್ತದೋ ಯಾರೂ ಹೇಳಲಾರರು. ಆದರೆ ಇವತ್ತಿನ ಕಾನೂನಿನಲ್ಲಿ ಜೇವರ್ಗಿಯ ಡೀಸೆಲ್ ಗಾಡಿ 10 ವರ್ಷಕ್ಕೆ ಗುಜರಿ ಸೇರುವುದಿಲ್ಲ.

ಡ್ರೈವರ್ ಹೇಳಿದ ದಮ್ಮಿನ ಮಾತು ಹಳೆಯ ಕಾಲಕ್ಕೆ ನಿಜ. ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಇಂಜಿನ್ನಿಗೆ ಕಡಿಮೆ ವೇಗದಲ್ಲಿ ಎಳೆಯುವ ಶಕ್ತಿ ಸಾಲುತ್ತಿರಲಿಲ್ಲ. ಫಾರ್ಚುನರ್‌ನಲ್ಲಿ ಈಗಲೂ ಅದು ಕಾಣುತ್ತದೆ: 2.7 ಪೆಟ್ರೋಲಿನ ಟಾರ್ಕ್, ಅಂದರೆ ಎಳೆಯುವ ಬಲ, 245 ನ್ಯೂಟನ್ ಮೀಟರ್, 2.8 ಡೀಸೆಲ್ ಆಟೋಮ್ಯಾಟಿಕ್‌ನದು 500. ಆದರೆ ಟರ್ಬೊ ಪೆಟ್ರೋಲ್ ಬಂದ ಮೇಲೆ ಲೆಕ್ಕ ಬದಲಾಗಿದೆ. ಸ್ಕಾರ್ಪಿಯೋ-ಎನ್ ಮ್ಯಾನುಯಲ್‌ನ 2 ಲೀಟರ್ ಪೆಟ್ರೋಲ್ 370 ನ್ಯೂಟನ್ ಮೀಟರ್ ಕೊಡುತ್ತದೆ, ಹೆಚ್ಚು ಶಕ್ತಿಯ 2.2 ಡೀಸೆಲ್ಲೂ ಅಷ್ಟೇ ಕೊಡುತ್ತದೆ. ಹೊಲದ ದಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಲೋ ರೇಂಜ್ ಗೇರು, ಅಂದರೆ 4ಎಲ್: ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನಕ್ಕೆ, ಜೋರಾಗಿ ಎಳೆಯುವ ಗೇರು. 4ಎಲ್‌ಗೆ ಹಾಕಿದರೆ ಚಕ್ರಕ್ಕೆ ಸೇರುವ ಎಳೆತ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಅದಕ್ಕೇ ಟರ್ಬೊ ಇಲ್ಲದ ಪುಟ್ಟ 1.5 ಲೀಟರ್ ಜಿಮ್ನಿ ಕೂಡ ಕೆಸರಲ್ಲಿ ಸಲೀಸಾಗಿ ನಡೆಯುತ್ತದೆ.

ಈಗ ಮೆಕ್ಯಾನಿಕ್ ಹೇಳಿದ ಫಿಲ್ಟರಿಗೆ ಬರೋಣ. ಸರಿಯಾಗಿ ತಿಳಿದುಕೊಳ್ಳಬೇಕಾದ್ದು ಇದೇ. ಬಿಎಸ್6 ಅನ್ನೋ ಹೊಗೆ ನಿಯಂತ್ರಣದ ನಿಯಮ 2020ರ ಏಪ್ರಿಲ್ 1ರಿಂದ ಬಂತು. ಅದಾದ ಮೇಲೆ ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಅನ್ನೋ ಫಿಲ್ಟರ್ ಬಂದಿದೆ. ಹೊಗೆ ಹೋಗುವ ಕೊಳವೆಯ ನಡುವೆ ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳ ಜಾಲರಿ ಇರುತ್ತದೆ. ಮಸಿ ಅದರಲ್ಲಿ ಕೂರುತ್ತದೆ. ಅದು ತುಂಬಿದಾಗ ಇಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಆಸುಪಾಸಿಗೆ ಕಾಯಿಸಿ, ಮಸಿ ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಹೈವೇಯಲ್ಲಿ ಓಡುವ ಗಾಡಿಗೆ ಇದು ಆಗಿದ್ದೇ ಗೊತ್ತಾಗುವುದಿಲ್ಲ.

ತೊಂದರೆ ಬರುವುದು ಮನೆ-ಮಿಲ್ಲು ಓಡಾಟದಲ್ಲಿ. 3 ಕಿಲೋಮೀಟರಿನಲ್ಲಿ ಇಂಜಿನ್ನೇ ಸರಿಯಾಗಿ ಬಿಸಿ ಆಗಿರುವುದಿಲ್ಲ. ಸುಡುವ ಕೆಲಸ ಶುರುವಾಗುವಷ್ಟರಲ್ಲಿ ನೀವು ಕೀ ತೆಗೆದಿರುತ್ತೀರಿ. ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಗ್ಯಾರೇಜಿಗೆ ಇಂಥ ಗಾಡಿ ಬಂದಾಗ ನಾನು ಸ್ಕ್ಯಾನರ್ ಹಚ್ಚುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡುತ್ತೇನೆ. ಹಳೆಯ ಗಾಡಿಯಲ್ಲಿ ಆಯಿಲ್ ಕಡಿಮೆ ಆಗುತ್ತಾ ಹೋಗಬೇಕು, ಅಲ್ವಾ? ಇಲ್ಲಿ ಉಲ್ಟಾ. ಆಯಿಲ್ ಮೇಲಿನ ಗೆರೆ ದಾಟಿರುತ್ತದೆ. ಬೆರಳಿಗೆ ಸವರಿ ನೋಡಿದರೆ ನೀರು ನೀರಾಗಿ ಜಾರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಫಿಲ್ಟರ್ ಕಾಯಿಸಲು ಬಿಟ್ಟ ಡೀಸೆಲ್ ಸುಡದೆ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಜೊತೆ ಸೇರಿರುತ್ತದೆ. ತೆಳುವಾದ ಆಯಿಲ್‌ನಲ್ಲೇ ಓಡಿಸಿದರೆ ಬೇರಿಂಗು, ಟರ್ಬೊ ಎರಡೂ ಸವೆಯುತ್ತವೆ. ಅಲ್ಲಿಗೆ ಬಿಲ್ಲು ನಿಜಕ್ಕೂ ಲಕ್ಷ ಮುಟ್ಟುತ್ತದೆ. ಆಯಿಲ್ ಕಡ್ಡಿ ನೋಡುವ ಅಭ್ಯಾಸ ಎಷ್ಟೋ ಜನಕ್ಕೆ ಬಿಟ್ಟುಹೋಗಿದೆ. ದಯವಿಟ್ಟು ನೀವು ಬಿಡಬೇಡಿ.

ಒಳ್ಳೆಯ ವಿಷಯ ಏನೆಂದರೆ, ನಿಮ್ಮ ಓಡಾಟದಲ್ಲೇ ಇದಕ್ಕೆ ಔಷಧಿ ಇದೆ. ವಾರಕ್ಕೆ ಎರಡು ಸಲ ಜೇವರ್ಗಿ ಕಡೆ ಹೋಗಿಬರುತ್ತೀರಿ. ಆ ಹೈವೇಯಲ್ಲಿ ಇಪ್ಪತ್ತು ನಿಮಿಷ ಒಂದೇ ಹದದಲ್ಲಿ, ಇಂಜಿನ್ 2,000 ಸುತ್ತಿನ ಮೇಲಿರುವಂತೆ ಓಡಿಸಿದರೆ ಫಿಲ್ಟರಿಗೆ ಬೇಕಾದ ಶಾಖ ಸಿಗುತ್ತದೆ. ಡಿಪಿಎಫ್ ದೀಪ ಹತ್ತಿದರೂ ಗಾಬರಿ ಬೇಡ. ಗಾಡಿ ನಿಲ್ಲಿಸದೆ ಹೈವೇಗೆ ತಗೊಂಡು ಹೋಗಿ. ದೀಪ ಆರದಿದ್ದರೆ, ಅಥವಾ ಜೊತೆಗೆ ಇಂಜಿನ್ ದೀಪವೂ ಬಂದರೆ, ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಚ್ಚಿ ಸುಡಿಸುತ್ತಾರೆ. ಆ ಹೊತ್ತಿಗೂ ಖರ್ಚು ಕಡಿಮೆಯೇ. ದೀಪ ನೋಡಿಯೂ ತಿಂಗಳುಗಟ್ಟಲೆ ಸುಮ್ನೆ ಓಡಿಸಿದವರಿಗೇ ದೊಡ್ಡ ಬಿಲ್ಲು ಬರುವುದು.

ರೈತರಾದ ನಿಮಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಫಿಲ್ಟರ್ ಸುಡುತ್ತಿರುವಾಗ ಗಾಡಿಯ ಕೆಳಭಾಗ ವಿಪರೀತ ಬಿಸಿ ಇರುತ್ತದೆ. ರಾಶಿ ಆದ ಮೇಲೆ ಹೊಲದಲ್ಲಿ ತೊಗರಿ ಹೊಟ್ಟು, ಒಣ ಕಡ್ಡಿ ಬಿದ್ದಿರುತ್ತದೆ. ದೂರ ಓಡಿಸಿ ಬಂದ ಕೂಡಲೇ ಅದರ ಮೇಲೆ ಗಾಡಿ ನಿಲ್ಲಿಸಬೇಡಿ. ಬರಿ ನೆಲದ ಮೇಲೆ ನಿಲ್ಲಿಸಿ. ಬೆಂಕಿ ಹತ್ತಿದರೆ ಗಾಡಿಯೂ ಹೋಗುತ್ತದೆ, ಪಕ್ಕದ ಹೊಲದ ಬೆಳೆಯೂ ಹೋಗುತ್ತದೆ.

"ಫಿಲ್ಟರೇ ತೆಗೆಸಿಬಿಡಿ, ತಲೆನೋವೇ ಇರಲ್ಲ" ಅಂತ ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ವಾರಂಟಿ ಹೋಗುತ್ತದೆ. ಮೇಲಾಗಿ ಆ ಮಸಿ ನಮ್ಮದೇ ಊರಿನ ಮಕ್ಕಳ ಎದೆಗೆ ಇಳಿಯುತ್ತದೆ.

ಪತ್ರದಲ್ಲಿ ನೀವು ಬರೆದಿಲ್ಲ. ಆದರೆ ಟ್ರ್ಯಾಕ್ಟರ್ ಇದೆ ಅಂದಮೇಲೆ ಹೊಲದ ಮನೆಯಲ್ಲಿ ಡೀಸೆಲ್ ಬ್ಯಾರೆಲ್ ಇರುತ್ತದೆ ಅಂದುಕೊಳ್ಳುತ್ತೇನೆ. ಆ ಡೀಸೆಲ್ ಹೊಸ ಗಾಡಿಗೆ ಹಾಕಬೇಡಿ. ಹಳೆಯ ಟ್ರ್ಯಾಕ್ಟರಿನ ಪಂಪು ಗಟ್ಟಿ, ಸ್ವಲ್ಪ ಧೂಳು ತೇವ ಇದ್ದರೂ ತಡೆದುಕೊಳ್ಳುತ್ತದೆ. ಬಿಎಸ್6 ಗಾಡಿಯಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೇಲ್ ಇಂಜೆಕ್ಟರ್‌ಗಳು 1,600 ಬಾರ್, ಕೆಲವು ಇನ್ನೂ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಬ್ಯಾರೆಲ್ಲಿನ ತಳದಲ್ಲಿ ಕೂತ ನೀರು, ತುಕ್ಕು, ಕೈಪಂಪಿನ ಪೈಪಿನ ಮಣ್ಣು, ಇಷ್ಟು ಸಾಕು ನಾಲ್ಕೂ ಇಂಜೆಕ್ಟರ್ ಕೆಡಲಿಕ್ಕೆ. ಕಲಬೆರಕೆ ಇಂಧನದಿಂದ ಕೆಟ್ಟರೆ ವಾರಂಟಿಯೂ ಬರುವುದಿಲ್ಲ. ಹೆಚ್ಚು ಗಿರಾಕಿ ಇರುವ, ದಿನಾ ಟ್ಯಾಂಕರ್ ಬರುವ ಬಂಕನ್ನೇ ನಂಬಿ.

ಯೂರಿಯಾದ ಕಥೆಯೂ ಹಾಗೆಯೇ. ಕೆಲವು ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಡಿಇಎಫ್ ಅನ್ನೋ ದ್ರವ ಬೇರೆ ಟ್ಯಾಂಕಿಗೆ ಹಾಕಬೇಕು. ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜ ಇಲ್ಲದ ನೀರು. "ಯೂರಿಯಾ ತಾನೇ, ಮನೇಲಿ ಚೀಲಗಟ್ಟಲೆ ಇದೆ" ಅಂತ ಗೊಬ್ಬರ ಕರಗಿಸಿ ಹಾಕಬೇಡಿ. ನಮ್ಮಲ್ಲಿ ಸಿಗುವ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಸವರಿರುತ್ತಾರೆ. ಅದು ಆ ವ್ಯವಸ್ಥೆಯನ್ನೇ ಹಾಳು ಮಾಡುತ್ತದೆ. ಡಿಇಎಫ್ ಪೂರ್ತಿ ಖಾಲಿ ಆದರೆ, ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಬಿಸಿಲಿಗೆ ಕ್ಯಾನು ತಗಡಿನ ಶೆಡ್ಡಿನಲ್ಲಿ ಇಡುವುದೂ ತಪ್ಪು, ಬೇಗ ಕೆಡುತ್ತದೆ. ಬೇಕಾದಷ್ಟೇ ತಂದು, ತಂಪಿರುವ ಕಡೆ ಇಡಿ.

ಇಷ್ಟೆಲ್ಲ ಓದಿ ಪೆಟ್ರೋಲೇ ವಾಸಿ ಅನಿಸಿರಬಹುದು. ಪೆಟ್ರೋಲ್ ಇಂಜಿನ್ ಮೆತ್ತಗೆ ಓಡುತ್ತದೆ, ಬೇಗ ಬಿಸಿ ಆಗುತ್ತದೆ, ಚಿಕ್ಕ ಓಡಾಟಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಡಿಇಎಫ್ ಗೋಜಿಲ್ಲ. ಆದರೆ ಎರಡು ಟನ್ ಆಸುಪಾಸಿನ ಗಾಡಿಯನ್ನು, ಏಳು ಜನರನ್ನು ಕೂರಿಸಿಕೊಂಡು, ಮೇ ತಿಂಗಳ 43 ಡಿಗ್ರಿಯಲ್ಲಿ ಎಸಿ ಹಾಕಿ ಓಡಿಸಿದಾಗ ಅದರ ಹಸಿವು ತಿಳಿಯುತ್ತದೆ. ಈಗ ಬರುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೇರೆ. ಹೊಸ ಗಾಡಿಗಳು ಇದಕ್ಕೆ ತಕ್ಕಂತೆ ತಯಾರಾಗಿವೆ, ಹೆದರಬೇಕಿಲ್ಲ. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಮೈಲೇಜು ಸ್ವಲ್ಪ ಇಳಿಯುತ್ತದೆ ಅಷ್ಟೇ.

ದುಡ್ಡಿನ ಲೆಕ್ಕ ಮಾಡೋಣ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂತ ಹಿಡಿಯಿರಿ. ದೊಡ್ಡ ಗಾಡಿ ನಿಜವಾದ ಓಡಾಟದಲ್ಲಿ ಪೆಟ್ರೋಲಿಗೆ ಲೀಟರಿಗೆ 9, ಡೀಸೆಲ್ಲಿಗೆ 12 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ. ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು ಸುಮಾರು ಹನ್ನೊಂದೂವರೆ ರೂಪಾಯಿ, ಡೀಸೆಲ್ಲಿನದು ಏಳೂವರೆ. ನೀವು ಹೇಳಿದ ಓಡಾಟ ಕೂಡಿಸಿದರೆ ತಿಂಗಳಿಗೆ 1,200 ಕಿಲೋಮೀಟರ್ ಆಗುತ್ತದೆ. ವರ್ಷಕ್ಕೆ 55,000 ರೂಪಾಯಿ ಉಳಿತಾಯ. ಡೀಸೆಲ್ ಸರ್ವಿಸ್, ಡಿಇಎಫ್ ಅಂತ 8,000 ಕಳೆದರೂ 47,000. ಡೀಸೆಲ್ ಗಾಡಿಗೆ ರಸ್ತೆಗಿಳಿಯುವಾಗ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಮೂರು ವರ್ಷ ಚಿಲ್ಲರೆಯಲ್ಲಿ ವಾಪಸ್. ಇದೇ ಗಾಡಿ ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡಿದರೆ? ವರ್ಷಕ್ಕೆ ಉಳಿಯುವುದು 15,000. ಹಣ ವಾಪಸ್ ಬರಲು 10 ವರ್ಷ ಬೇಕು. ಅಂಥವರಿಗೆ ನಾನು ಡೀಸೆಲ್ ಹೇಳುವುದೇ ಇಲ್ಲ.

ತೆರಿಗೆಯಲ್ಲಿ ಒಂದು ಸಣ್ಣ ವಿಷಯ ಗಮನದಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳಿಗೆ ಶೇ 40 ಜಿಎಸ್‌ಟಿ, ಇಂಧನ ಯಾವುದಾದರೂ ಒಂದೇ. ಕರ್ನಾಟಕದ ಜೀವಿತಾವಧಿ ತೆರಿಗೆ ಮಾತ್ರ ಬೆಲೆ ನೋಡುತ್ತದೆ: 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18, ಜೊತೆಗೆ ಸೆಸ್. ಹಾಗಾಗಿ ಎಕ್ಸ್ ಶೋರೂಮ್ ಬೆಲೆ ಹೋಲಿಸಬೇಡಿ, ಆನ್ ರೋಡ್ ಬೆಲೆ ಬರೆಸಿಕೊಂಡು ಹೋಲಿಸಿ.

ನಿಮ್ಮ ಮೂಲ ತೊಂದರೆ ಎರೆ ದಾರಿ. ಅದನ್ನು ಡೀಸೆಲ್ಲೂ ಬಗೆಹರಿಸುವುದಿಲ್ಲ, ಪೆಟ್ರೋಲೂ ಬಗೆಹರಿಸುವುದಿಲ್ಲ. ನಮ್ಮ ಕರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಟೈರಿನ ಗೀರುಗಳಲ್ಲಿ ತುಂಬಿಕೊಂಡು ಅದನ್ನು ನುಣ್ಣಗೆ ಮಾಡಿಬಿಡುತ್ತದೆ. ಶೋರೂಮಿನಿಂದ ಬರುವ ಹೈವೇ ಟೈರಿನಲ್ಲಿ ನಾಲ್ಕು ಚಕ್ರ ತಿರುಗಿದರೆ ನಾಲ್ಕೂ ಜಾರುತ್ತವೆ, ಅಷ್ಟೇ. ಗಾಡಿ ತೂಕ ಇದ್ದಷ್ಟೂ ಹೂತುಕೊಳ್ಳುತ್ತದೆ. ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಲು ಬಜೆಟ್ಟಿನಲ್ಲಿ ಈಗಲೇ ಹಣ ಎತ್ತಿಡಿ. ಕೆಸರಿಗೆ ಇಳಿಯುವ ಮುಂಚೆಯೇ 4ಎಲ್‌ಗೆ ಹಾಕಿ. ಹೂತ ಮೇಲೆ ಹಾಕಿ ಎಕ್ಸಲರೇಟರ್ ಒತ್ತಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡು, ನಿಧಾನಕ್ಕೆ, ನಿಲ್ಲಿಸದೆ ದಾಟಬೇಕು. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬಿಸಿ, ಟೂ ವೀಲ್‌ಗೆ ಬದಲಿಸಿ. ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರುಗಳ ಮೇಲೆ ಒತ್ತಡ ಬಿದ್ದು ಮುರಿಯಬಹುದು. ಅಷ್ಟಾದರೂ ಜೋರು ಮಳೆ ಬಿದ್ದ ಮರುದಿನ ಕೆಲವು ಹೊಲಕ್ಕೆ ಯಾವ ಗಾಡಿಯೂ ಹೋಗುವುದಿಲ್ಲ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಈ ಕಷ್ಟ ಅಷ್ಟಿಲ್ಲ, ಅವರ ಅನುಭವ ಕೇಳಿ ತೀರ್ಮಾನ ಮಾಡಬೇಡಿ.

ನೀರಿನ ವಿಷಯ. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ನೀರಿನಲ್ಲೂ ಹೋಗುತ್ತದೆ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಬಹಳ ಅಪಾಯದ ನಂಬಿಕೆ ಅದು. ಇಂಜಿನ್ ಉಸಿರಾಡುವ ಪೈಪಿಗೆ ನೀರು ಹೋದರೆ ಸಿಲಿಂಡರಿನಲ್ಲಿ ಅದನ್ನು ಒತ್ತಲಿಕ್ಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು ಪೆಟ್ರೋಲಿಗಿಂತ ಹೆಚ್ಚು ಒತ್ತುವುದರಿಂದ ಸ್ವಲ್ಪವೇ ನೀರು ಹೋದರೂ ಪೆಟ್ಟು ಜೋರು. ಮಳಖೇಡ, ದಂಡೋತಿ ಹತ್ತಿರ ಕಾಗಿಣಾ ಸೇತುವೆ ಮುಳುಗುವುದನ್ನು ಮಳೆಗಾಲದಲ್ಲಿ ನೋಡುತ್ತಲೇ ಇರುತ್ತೇವೆ. ಹರಿಯುವ ನೀರಿನಲ್ಲಿ ಗಾಡಿ ಯಾವುದಾದರೂ ಇಳಿಯಬೇಡಿ. ನಿಂತ ನೀರಿನಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಕೀ ತಿರುಗಿಸಬೇಡಿ, ಎಳೆಸಿಕೊಂಡು ಬನ್ನಿ. ವಿಮೆಯಲ್ಲಿ ಇಂಜಿನ್ ಪ್ರೊಟೆಕ್ಷನ್ ಬೇರೆಯಾಗಿ ಸೇರಿಸಿಕೊಳ್ಳಿ. ಸಾದಾ ಪಾಲಿಸಿಯಲ್ಲಿ ಈ ಹಾನಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮಗೆ ನಾನು ಡೀಸೆಲ್ ಫೋರ್ ಬೈ ಫೋರ್ ಅಂತಲೇ ಹೇಳುತ್ತೇನೆ. ಏಳು ಸೀಟು ಬೇಕು, ಹೊಲ ಮತ್ತು ಹೈದರಾಬಾದಿನ ದೂರದ ಓಟ ಇದೆ, ಕಿಲೋಮೀಟರ್ ಲೆಕ್ಕವೂ ಹೊಂದುತ್ತದೆ. ಆದರೆ ದಿನಾ ಮಿಲ್ಲಿಗೆ ಹೋಗುವ 3 ಕಿಲೋಮೀಟರಿಗೆ ಆ ಗಾಡಿ ತೆಗೆಯಬೇಡಿ. ಮನೆಯಲ್ಲಿರುವ ಈಗಿನ ಕಾರನ್ನು ಮಾರದೆ ಅದಕ್ಕೇ ಇಟ್ಟುಕೊಳ್ಳಿ, ಇಲ್ಲವೇ ಸ್ಕೂಟರಿನಲ್ಲಿ ಹೋಗಿ. ಈ ಒಂದು ಷರತ್ತು ನಿಮಗೆ ಆಗುವುದಿಲ್ಲ, ಒಂದೇ ಗಾಡಿ ಎಲ್ಲದಕ್ಕೂ ಬೇಕು, ಹೊಲಕ್ಕೆ ಹೋಗುವುದೂ ಮುಂದೆ ಕಡಿಮೆ ಆಗಬಹುದು ಅಂತಿದ್ದರೆ ಆಗ ನನ್ನ ಉತ್ತರ ಬೇರೆ. ಕುಟುಂಬಕ್ಕೆ ಎರಡು ಚಕ್ರದ ಬಲದ ಪೆಟ್ರೋಲ್ ಗಾಡಿ ತಗೊಳ್ಳಿ, ಮಳೆಗಾಲದ ಹೊಲಕ್ಕೆ ಟ್ರ್ಯಾಕ್ಟರ್ ಇದ್ದೇ ಇದೆ. ಜಿಮ್ನಿಯನ್ನೂ ಮರೆಯಬೇಡಿ. ಹಗುರ ಇರುವುದರಿಂದ ಎರೆಯಲ್ಲಿ ಕಡಿಮೆ ಹೂಳುತ್ತದೆ. ನಾಲ್ಕೇ ಸೀಟು ಸಾಕು ಅನ್ನುವವರಿಗೆ ಒಳ್ಳೆಯ ಗಾಡಿ.

ಹಳೆಯ ಡೀಸೆಲ್ ಗಾಡಿ ನೋಡುವ ಯೋಚನೆ ಇದ್ದರೆ, 2020ಕ್ಕಿಂತ ಮುಂಚಿನ ಬಿಎಸ್4 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಈ ಫಿಲ್ಟರ್ ಗೋಜಿಲ್ಲ, ರಿಪೇರಿ ಸುಲಭ. ಆದರೆ ವಯಸ್ಸಾಗಿರುತ್ತದೆ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಲಾರಿಗಳ ಧೂಳಿನಲ್ಲಿ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ ನೋಡಿ. ಫಿಲ್ಟರಿನ ಆಚೆ ಬದಿ, ಟರ್ಬೊಗೆ ಹೋಗುವ ಪೈಪಿನ ಒಳಗೆ ಬೆರಳಾಡಿಸಿದಾಗ ಧೂಳು ಹತ್ತಿದರೆ ಆ ಗಾಡಿ ಬಿಟ್ಟುಬಿಡಿ. ಮಣ್ಣಿನ ನೆಲದಲ್ಲಿ ನಿಲ್ಲಿಸಿ 4ಎಚ್ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ), 4ಎಲ್ ಎರಡಕ್ಕೂ ಹಾಕಿಸಿ ಓಡಿಸಿ ನೋಡಿ. ವರ್ಷಗಟ್ಟಲೆ ಬಳಸದೆ ಆ ಗೇರು ಜಾಮ್ ಆದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಹೊಸದು ತಗೊಂಡರೂ ತಿಂಗಳಿಗೊಮ್ಮೆ ಹೊಲದ ದಾರಿಯಲ್ಲಿ ಅದನ್ನು ಹಾಕಿ ಸ್ವಲ್ಪ ದೂರ ಓಡಿಸುತ್ತಿರಿ.